ಸೈಲೋದಾಗ ಎಷ್ಟು ಅದ?

ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣ ನಡೆದ ವರ್ಷಗಳಲ್ಲಿ ಹುಣಸಗಿ, ಸುರಪುರ, ಶಹಾಪುರದ ಕಡೆ ಓಡಾಡಿದವರು ಕಾಂಕ್ರೀಟು ಕಲಸುವ ಪ್ಲಾಂಟುಗಳನ್ನು ನೋಡಿಯೇ ಇರುತ್ತೀರಿ. ಒಂದು ಪಕ್ಕದಲ್ಲಿ ಕಡಿ, ಉಸುಕಿನ ಗುಡ್ಡೆ. ಇನ್ನೊಂದು ಪಕ್ಕದಲ್ಲಿ ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಂತ ಉದ್ದನೆಯ ದುಂಡು ಟಾಕಿ, ಅದರ ಕೆಳತುದಿ ಲಾಳಿಕೆಯಂತೆ ಚೂಪು. ಅದೇ ಸಿಮೆಂಟಿನ ಸೈಲೋ. 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಪ್ರಧಾನಿ ಈ ನವೀಕರಣ ಯೋಜನೆಯನ್ನು ಉದ್ಘಾಟಿಸಿದರು. 10,000 ಕ್ಯೂಸೆಕ್ಸ್ ನೀರು ಹರಿಸುವ ಕಾಲುವೆ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟು ಎಂದೆಲ್ಲ ಪತ್ರಿಕೆಯಲ್ಲಿ ಬಂತು. ಆ ಕಾಲುವೆಯ ಮೈಗೆ ಮೆತ್ತಿದ ಕಾಂಕ್ರೀಟೆಲ್ಲ ಇಂಥ ಪ್ಲಾಂಟುಗಳಲ್ಲಿ ಕಲಸಿದ್ದು. ನಮ್ಮ ವನದುರ್ಗದ ಕಡೆಯ ಹುಡುಗರಿಗೂ ಸೈಲೋ ಎಂಬ ಮಾತು ಈಗ ಹೊಸದಲ್ಲ.

ಪ್ಲಾಂಟಿನ ಆಪರೇಟರನನ್ನು ಕೇಳಿ ನೋಡಿ: “ಏನಪಾ, ಸೈಲೋದಾಗ ಎಷ್ಟು ಅದ?” ಅವನು ಸುತ್ತಿಗೆ ತಗೊಂಡು ತಗಡಿನ ಮೈಗೆ ಕೆಳಗಿಂದ ಮೇಲಕ್ಕೆ, ಏಣಿ ಹತ್ತುತ್ತ, ಒಂದೊಂದು ಪೆಟ್ಟು ಹಾಕುತ್ತಾನೆ. ಪುಡಿ ಇದ್ದ ಕಡೆ ಮಂದ ಸಪ್ಪಳ. ಖಾಲಿ ಇದ್ದ ಕಡೆ ಠಣ್. ಸಪ್ಪಳ ಎಲ್ಲಿ ಬದಲಾಯಿತೋ ಅಲ್ಲಿಗೆ ಮಟ್ಟ. “ಇನ್ನಾ ಅರ್ಧ ಅದರೀ ಸಾಹೇಬ್ರ.” ಹಳೆಯ ಸೈಲೋ ಹತ್ತಿರ ಹೋದರೆ ಏಣಿಯ ಎರಡೂ ಪಕ್ಕ ಸುತ್ತಿಗೆ ಏಟಿನ ತಗ್ಗುಗಳು ಸಾಲುಸಾಲಾಗಿ ಕಾಣುತ್ತವೆ. ಆ ಜಾಗದಲ್ಲಿ ಬಣ್ಣ ಹಾರಿ ಜಂಗು ಹಿಡಿದಿರುತ್ತದೆ.

ಸೈಲೋ 100 ಟನ್ನಿನದು ಎಂದು ಇಟ್ಟುಕೊಳ್ಳಿ. ಅರ್ಧ ಎಂದರೆ 50 ಟನ್ನು, ಅಂದರೆ 1,000 ಚೀಲ. ಆದರೆ ಅವನ ಅರ್ಧ 40 ಟನ್ನೂ ಇರಬಹುದು, 60 ಟನ್ನೂ ಇರಬಹುದು. ನಡುವಿನ ಅಂತರ 400 ಚೀಲ. ಕಾಲುವೆಯ ಒಂದು ಹಾಸು ಅರ್ಧ ಹಾಕಿದ ಮೇಲೆ ಸಿಮೆಂಟು ಮುಗಿದರೆ, ಪುಡಿ ಸಿಮೆಂಟು ತರುವ ಬಲ್ಕರ್ ಲಾರಿ ಬರುವ ಹೊತ್ತಿಗೆ ಹಾಕಿದ ಕಾಂಕ್ರೀಟು ಗಟ್ಟಿಯಾಗಿರುತ್ತದೆ. ಅದರ ಪಕ್ಕಕ್ಕೆ ಹೊಸದು ಹಾಕಿದರೆ ಕೂಡುವುದಿಲ್ಲ. ನೀರು ಬಸಿಯುವುದು ಮುಂದೆ ಅದೇ ಸಂದಿನಿಂದ. ಹಾಗಾಗಿ ಸೈಲೋದಾಗ ಎಷ್ಟು ಅದ ಎನ್ನುವುದು ಸ್ಟೋರ್‌ಕೀಪರನೊಬ್ಬನದೇ ತಲೆನೋವಲ್ಲ.

ಇವತ್ತು ಪುಡಿಯ ಎತ್ತರ ಅಳೆಯುವ ಯಂತ್ರಗಳಿಗೆ ಬರ ಇಲ್ಲ. ಎತ್ತರ ಗೊತ್ತಾಯಿತು, ಇನ್ನು ದಾಸ್ತಾನು ಗೊತ್ತಾದಂತೆಯೇ ಎಂದು ನಂಬಿ ಕೂಡುತ್ತಾರಲ್ಲ, ಮೋಸ ಹೋಗುವುದು ಅಲ್ಲಿ. ಈ ಮೋಸ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಸೈಲೋ ನೆಲದೊಳಗೆ ಇತ್ತು, ಅಷ್ಟೆ.

ಹಗೇವು ಕಂಡವರು ಈಗಲೂ ಹಳ್ಳಿಗಳಲ್ಲಿ ಇದ್ದಾರೆ. ಗಟ್ಟಿ ನೆಲ ನೋಡಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಮೈಗೆ ಜೋಳದ ಕಣಿಕೆ, ಹುಲ್ಲು ಒತ್ತಿ, ಜೋಳ ಸುರಿದು, ಮೇಲೆ ಮತ್ತೆ ಹುಲ್ಲು ಹಾಕಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬರಗಾಲ ಬಿದ್ದ ವರ್ಷ ಅದನ್ನು ತೆಗೆಯುತ್ತಿದ್ದರು. ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಉಸಿರಾಡುವ ಕಾಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಂತಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ. ಅವಸರ ಮಾಡಿ ಇಳಿದು ಜೀವ ಕಳಕೊಂಡವರೂ ಇದ್ದಾರೆ.

ಹಗೇವಿನೊಳಗೆ ಎಷ್ಟು ಜೋಳ ಇದೆ ಎಂದು ಕೋಲು ಇಳಿಬಿಟ್ಟು ಯಾರೂ ಅಳೆಯುತ್ತಿರಲಿಲ್ಲ. ಹೊಟ್ಟೆ ಉಬ್ಬಿದ ಗುಂಡಿಯಲ್ಲಿ ಅರ್ಧ ಆಳ ಎಂದರೆ ಅರ್ಧ ಜೋಳ ಅಲ್ಲವಲ್ಲ! ಅಳತೆ ನಡೆಯುತ್ತಿದ್ದದ್ದು ಕಣದಲ್ಲಿ, ರಾಶಿಯ ಮುಂದೆ. ಸೇರು ತುಂಬಿ ಮೊದಲನೆಯದಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು, ಆಮೇಲೆ ಎರಡು, ಮೂರು ಎಂದು ಎಣಿಸುತ್ತ ಚೀಲಕ್ಕೆ ಸುರಿಯುವುದು. ಒಳಗೆ ಹೋಗುವಾಗ ಲೆಕ್ಕ, ಹೊರಗೆ ಬರುವಾಗ ಲೆಕ್ಕ. ನಡುವೆ ಉಳಿದದ್ದು ಹಗೇವಿನಲ್ಲಿ.

ಸೇರಿನಲ್ಲೂ ಜಗಳ ಇತ್ತು. ಮೇಲೆ ಗೋಪುರ ಏರಿಸಿ ತುಂಬಿದ ಸೇರೋ, ಅಂಗೈಯಿಂದ ಒರೆಸಿದ ಸೇರೋ? ತುಂಬುವಾಗ ಕೊಳ್ಳುವವನು ಸೇರನ್ನು ಒಮ್ಮೆ ನೆಲಕ್ಕೆ ಕುಟ್ಟುತ್ತಿದ್ದ, ಕಾಳು ಕೂತು ಇನ್ನೊಂದು ಹಿಡಿ ಹಿಡಿಯಲಿ ಎಂದು. ಮಾರುವವನು ಕುಟ್ಟಗೊಡುತ್ತಿರಲಿಲ್ಲ. ಇನ್ನು ಹಗೇವಿನಲ್ಲಿ ತೇವ ಹೀರಿ ಉಬ್ಬಿದ ಕಾಳು ಸೇರಿಗೆ ಕಡಿಮೆ ಹಿಡಿಯುತ್ತದೆ. ಹಾಕಿದ್ದಕ್ಕಿಂತ ತೆಗೆದಾಗ ಸೇರಿನ ಲೆಕ್ಕ ಹೆಚ್ಚಾಗಿ ಕಂಡರೆ ಅದು ಲಕ್ಷ್ಮಿಯ ಕೃಪೆಯಲ್ಲ, ನೀರಿನ ಕೃಪೆ. 1956ರ ಕಾನೂನಿನಿಂದ ಕಿಲೋ ಬಂತು, ಸೇರು ಮೂಲೆ ಸೇರಿತು. ಆದರೆ ಆ ಎರಡು ಜಗಳ, ಗೋಪುರದ್ದು ಮತ್ತು ಕುಟ್ಟುವುದರದ್ದು, ನೆಟ್ಟಗೆ ಹೋಗಿ ಕಬ್ಬಿಣದ ಸೈಲೋ ಒಳಗೆ ಕೂತಿವೆ.

ಮೊದಲು ಗೋಪುರದ ಜಗಳ. ನೀರಿನ ಟಾಕಿಯಲ್ಲಿ ಎಲ್ಲಿ ಕೋಲು ಹಾಕಿದರೂ ಮಟ್ಟ ಒಂದೇ. ಪುಡಿ ಹಾಗಲ್ಲ. ಮೇಲಿನಿಂದ ನಡುವೆ ಬಿದ್ದರೆ ರಾಶಿ ಏಳುತ್ತದೆ, ಕೆಳಗಿನಿಂದ ಎಳೆದುಕೊಂಡರೆ ನಡುವೆ ಗುಂಡಿ ಬೀಳುತ್ತದೆ. ರಾಶಿಯ ಇಳಿಜಾರು ಒಂದೊಂದು ವಸ್ತುವಿಗೆ ಒಂದೊಂದು. ಇದನ್ನು ನಮ್ಮ ನಾಡಿನಲ್ಲಿ ಮೊದಲೇ ಲೆಕ್ಕಕ್ಕೆ ಇಳಿಸಿದ್ದರು. ಭಾಸ್ಕರಾಚಾರ್ಯ 1150ರಲ್ಲಿ ಮುಗಿಸಿದ ಸಿದ್ಧಾಂತ ಶಿರೋಮಣಿಯ ಮೊದಲ ಭಾಗವೇ ಲೀಲಾವತಿ. ಅದರಲ್ಲಿ ರಾಶಿ ವ್ಯವಹಾರ ಎಂಬುದೊಂದು ಪ್ರಕರಣ ಇದೆ. ದಪ್ಪ ಕಾಳಿನ ರಾಶಿಯ ಎತ್ತರ ಅದರ ಸುತ್ತಳತೆಯ ಹತ್ತನೇ ಒಂದು ಭಾಗ. ಸಣ್ಣ ಕಾಳಿಗೆ ಹನ್ನೊಂದನೇ ಒಂದು. ಮುಳ್ಳಿರುವ ಧಾನ್ಯಕ್ಕೆ, ಅಂದರೆ ಭತ್ತದಂಥದಕ್ಕೆ, ಒಂಬತ್ತನೇ ಒಂದು. ಸುತ್ತಳತೆಯ ಆರನೇ ಒಂದು ಭಾಗವನ್ನು ವರ್ಗ ಮಾಡಿ ಎತ್ತರದಿಂದ ಗುಣಿಸಿದರೆ ಗಾತ್ರ ಸಿಗುತ್ತದೆ. ಈ ಹತ್ತನೇ ಒಂದು ಭಾಗವನ್ನು ಕೋನಕ್ಕೆ ತಿರುಗಿಸಿದರೆ ಸುಮಾರು 32 ಡಿಗ್ರಿ, ಹನ್ನೊಂದನೆಯದು 30ರ ಆಸುಪಾಸು, ಒಂಬತ್ತನೆಯದು 35. ಇವತ್ತಿನ ಎಂಜಿನಿಯರು ಕೈಪಿಡಿ ತೆರೆದು ನೋಡುವ ಇಳಿಜಾರಿನ ಕೋನವೂ ಈ ಸುತ್ತಿನದೇ. ರಾಶಿ ಗೋಡೆಗೆ ಆನಿಕೊಂಡಿದ್ದರೆ ಏನು, ಮೂಲೆಯಲ್ಲಿದ್ದರೆ ಏನು ಎಂಬುದಕ್ಕೂ ಅಲ್ಲಿ ಸೂತ್ರ ಇದೆ. ಕಣ ಕಂಡವರು ಬರೆದ ಗಣಿತ ಅದು.

ಈಗ ನಮ್ಮ ಸೈಲೋಗೆ ಬರೋಣ. ವ್ಯಾಸ 3.2 ಮೀಟರ್ ಇರಲಿ. ಪುಡಿಯ ಮೇಲ್ಮೈ 30 ಡಿಗ್ರಿಯ ರಾಶಿಯಾಗಿ ನಿಂತರೆ ನೆತ್ತಿಗೂ ಅಂಚಿಗೂ ಎತ್ತರದ ವ್ಯತ್ಯಾಸ ಸುಮಾರು 92 ಸೆಂಟಿಮೀಟರ್. ನಡುವಿನ ನೆತ್ತಿಯನ್ನು ಅಳೆದು ಎಲ್ಲ ಕಡೆ ಅಷ್ಟೇ ಇದೆ ಎಂದುಕೊಂಡರೆ ಸುಮಾರು 7 ಟನ್ ಸಿಮೆಂಟು ಹೆಚ್ಚಿಗೆ ಬರೆದಂತಾಯಿತು. ಗೋಡೆಯ ಅಂಚನ್ನು ನಂಬಿದರೆ ಮೂರೂವರೆ ಟನ್ ಕಡಿಮೆ. ಸುತ್ತಿಗೆಯವನು ಯಾವಾಗಲೂ ಗೋಡೆಯನ್ನೇ ನಂಬುತ್ತಾನೆ, ಬೇರೆ ದಾರಿ ಇಲ್ಲ. ಆದರೆ ನೆತ್ತಿಯೂ ಅಲ್ಲದ ಅಂಚೂ ಅಲ್ಲದ ಒಂದು ಜಾಗ ಇದೆ. ನಡುಬಿಂದುವಿನಿಂದ ಗೋಡೆಯ ಕಡೆ ಮೂರರಲ್ಲಿ ಎರಡು ಪಾಲು ದೂರ ಹೋದರೆ, ಅಲ್ಲಿ ಸಿಗುವ ಎತ್ತರವೇ ಇಡೀ ರಾಶಿಯ ಸರಾಸರಿ ಎತ್ತರ. ಗುಂಡಿ ಬಿದ್ದಿದ್ದರೂ ಅದೇ ಜಾಗ. ನಮ್ಮ ಸೈಲೋದಲ್ಲಿ ಅದು ಗೋಡೆಯಿಂದ ಒಳಕ್ಕೆ ಸುಮಾರು 53 ಸೆಂಟಿಮೀಟರ್. ಮಟ್ಟ ಅಳೆಯುವ ಮೀಟರಿನ ತೂತು ಎಲ್ಲಿ ಕೊರೆಯಬೇಕು ಎಂದು ಫಿಟ್ಟರ್ ಕೇಳಿದರೆ ಇದೇ ಉತ್ತರ. ಬಹಳ ಕಡೆ ಮುಚ್ಚಳದ ಮೇಲೆ ಎಲ್ಲಿ ಖಾಲಿ ಜಾಗ ಕಂಡಿತೋ ಅಲ್ಲಿ ಕೊರೆದಿರುತ್ತಾರೆ.

ಮಟ್ಟ ಕೆಳಗಿನ ಚೂಪು ಭಾಗಕ್ಕೆ ಇಳಿದರೆ ಲೆಕ್ಕ ಇನ್ನೂ ತಪ್ಪುತ್ತದೆ. ಮೇಲೆ 3.2 ಮೀಟರ್ ವ್ಯಾಸ, ಬಾಯಲ್ಲಿ 40 ಸೆಂಟಿಮೀಟರ್, ಎತ್ತರ 2.4 ಮೀಟರ್ ಎನ್ನಿ. ಎರಡು ವ್ಯಾಸಗಳ ಸರಾಸರಿ ಹಿಡಿದು ಗಾತ್ರ ತೆಗೆದರೆ 6.1 ಘನ ಮೀಟರ್ ಬರುತ್ತದೆ. ಎರಡು ತುದಿಗಳ ಕ್ಷೇತ್ರಫಲದ ಸರಾಸರಿ ಹಿಡಿದರೆ 9.8. ಎರಡೂ ತಪ್ಪು. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ, ಮಳಖೇಡದ ತನಕ ಹೋದರೆ ಸಾಕು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗ ಅಲ್ಲಿ ಆಳುತ್ತಿದ್ದಾಗ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ; ಗ್ರಂಥದ ಆರಂಭದಲ್ಲೇ ಆ ಅರಸನ ಸ್ತುತಿ ಇದೆ. ಅದರ ಖಾತ ವ್ಯವಹಾರ, ಅಂದರೆ ತೋಡಿದ ಗುಂಡಿಗಳ ಲೆಕ್ಕ, ಈ ಎರಡೂ ಒರಟು ಉತ್ತರಗಳನ್ನು ಹೆಸರಿಟ್ಟು ಕರೆಯುತ್ತದೆ: ಮೊದಲನೆಯದು ಕರ್ಮಾಂತಿಕ, ಎರಡನೆಯದು ಔಂಡ್ರ. ಇವೆರಡರ ವ್ಯತ್ಯಾಸವನ್ನು ಮೂರರಿಂದ ಭಾಗಿಸಿ ಕರ್ಮಾಂತಿಕಕ್ಕೆ ಕೂಡಿಸು, ಅದು ಸೂಕ್ಷ್ಮ ಫಲ ಎನ್ನುತ್ತದೆ. ನಮ್ಮ ಲಾಳಿಕೆಗೆ ಮಾಡಿ ನೋಡಿ. ವ್ಯತ್ಯಾಸ 3.7, ಅದರ ಮೂರನೇ ಒಂದು 1.2 ಚಿಲ್ಲರೆ, 6.1ಕ್ಕೆ ಕೂಡಿಸಿದರೆ 7.3 ಘನ ಮೀಟರ್. ಇವತ್ತಿನ ಸೂತ್ರವೂ ಕೊಡುವುದು 7.3. ಬ್ರಹ್ಮಗುಪ್ತನಿಗೂ ಇದು ಗೊತ್ತಿತ್ತು, ನಿಜ. ಆದರೂ ಅದೇ ಮಳಖೇಡದಲ್ಲಿ ಈಗ ದೊಡ್ಡ ಸಿಮೆಂಟು ಕಾರ್ಖಾನೆ ಎದ್ದು ಸೈಲೋಗಳು ನಿಂತಿರುವುದನ್ನು ನೋಡಿದರೆ, ಆ ಆಚಾರ್ಯನಿಗೆ ಕಾರ್ಖಾನೆಯವರು ಒಂದು ಮಾಲೆಯಾದರೂ ಹಾಕಬೇಕು ಅನ್ನಿಸುತ್ತದೆ.

ಇನ್ನು ಕುಟ್ಟುವ ಜಗಳ. ಇದು ಹೆಚ್ಚು ದುಬಾರಿ. ಗಿರಣಿಯಿಂದ ಬಿಸಿಬಿಸಿ ಜೋಳದ ಹಿಟ್ಟು ತಂದು ಡಬ್ಬಿಗೆ ಸುರಿದರೆ ಕಂಠದ ತನಕ ಬರುತ್ತದೆ, ಡಬ್ಬಿಯನ್ನು ನಾಲ್ಕು ಸಲ ಕುಟ್ಟಿದರೆ ನಾಲ್ಕು ಬೆರಳು ಇಳಿಯುತ್ತದೆ. ಹಿಟ್ಟೇನೂ ಕಡಿಮೆ ಆಗಿರುವುದಿಲ್ಲ. ಸಿಮೆಂಟನ್ನು ಬಲ್ಕರ್ ಲಾರಿಯಿಂದ ಸೈಲೋಗೆ ಏರಿಸುವುದು ಗಾಳಿಯ ಒತ್ತಡದಿಂದ. ಆಗ ತಾನೇ ಏರಿದ ಸಿಮೆಂಟಿನ ಕಣಕಣದ ನಡುವೆ ಗಾಳಿ ತುಂಬಿರುತ್ತದೆ, ನೀರಿನ ಹಾಗೆ ಹರಿಯುತ್ತದೆ. ಒಂದು ಘನ ಮೀಟರಿಗೆ 1,000 ಕಿಲೋ ಸುತ್ತಮುತ್ತ ತೂಗಬಹುದು. ಗಾಳಿ ಹೋಗಿ ಕೂತ ಮೇಲೆ ಅದೇ ಘನ ಮೀಟರಿಗೆ 1,440 ಕಿಲೋ ಎಂದು ಲೋಕೋಪಯೋಗಿಯವರು ಲೆಕ್ಕ ಹಿಡಿಯುತ್ತಾರೆ. ನಮ್ಮ ಸೈಲೋದ ಒಂದು ಮೀಟರ್ ಎತ್ತರಕ್ಕೆ ಸುಮಾರು 8 ಘನ ಮೀಟರ್ ಹಿಡಿಯುತ್ತದೆ. ಅಂದರೆ ಒಂದೇ ಮೀಟರಿನಲ್ಲಿ 8 ಟನ್ನೂ ಇರಬಹುದು, ಹನ್ನೊಂದೂವರೆ ಟನ್ನೂ ಇರಬಹುದು. 70 ಚೀಲದ ಅಂತರ, ಒಂದು ಮೀಟರಿಗೆ. ಲಾರಿ ಖಾಲಿಯಾದ ಕೂಡಲೇ ಮಟ್ಟ ನೋಡಿ ಖುಷಿಪಟ್ಟವನು ಮರುದಿನ ಬೆಳಿಗ್ಗೆ ನೋಡಿ ವಾಚ್‌ಮನ್ ಮೇಲೆ ಅನುಮಾನ ಪಡುತ್ತಾನೆ. ಪಾಪ, ಅವನು ರಾತ್ರಿಯೆಲ್ಲ ಮಲಗಿಯೇ ಇದ್ದ.

ಹಾಗಾದರೆ ತಳದಲ್ಲಿ ಒತ್ತಡದ ಮೀಟರ್ ಕೂರಿಸಿ ತೂಕವನ್ನೇ ನೋಡಬಹುದಲ್ಲ, ನೀರಿನ ಟಾಕಿಗೆ ಮಾಡುವ ಹಾಗೆ? ಇಲ್ಲಿ ಪುಡಿ ಇನ್ನೊಂದು ಆಟ ಆಡುತ್ತದೆ. 1895ರಲ್ಲಿ ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರು ಮಾದರಿ ಸೈಲೋಗಳಲ್ಲಿ ಕಾಳು ತುಂಬಿ, ತಳವನ್ನು ಬೇರೆಯಾಗಿ ತೂಕಕ್ಕೆ ಹಾಕಿ ಪರೀಕ್ಷೆ ಮಾಡಿದ. ತುಂಬುತ್ತ ಹೋದಂತೆ ತಳದ ಮೇಲಿನ ಭಾರ ಮೊದಲು ಏರಿತು, ಆಮೇಲೆ ಏರುವುದೇ ನಿಂತಿತು. ಮೇಲೆ ಹಾಕಿದ ಕಾಳಿನ ಭಾರ ಗೋಡೆಗೆ ತಿಕ್ಕಿ ಗೋಡೆಯ ಮೇಲೇ ಕೂತುಬಿಡುತ್ತದೆ. ಸೈಲೋದ ವ್ಯಾಸದ ಎರಡು ಮೂರು ಪಟ್ಟು ಎತ್ತರ ದಾಟಿದ ಮೇಲೆ ತಳಕ್ಕೆ ಮೇಲಿನ ಸುದ್ದಿಯೇ ಹೆಚ್ಚು ಮುಟ್ಟುವುದಿಲ್ಲ. ತುಂಬಾ ಎತ್ತರದ ಸೈಲೋದಲ್ಲಿ ತಳದ ಮೀಟರು ಅರ್ಧ ತುಂಬಿದಾಗಲೂ ಪೂರ್ತಿ ತುಂಬಿದಾಗಲೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತದೆ. ಸೈಲೋ ಕಟ್ಟುವವರು ಗೋಡೆಯನ್ನು ಅಷ್ಟು ಗಟ್ಟಿ ಮಾಡುವುದಕ್ಕೂ ಕಾರಣ ಇದೇ.

ಇದಕ್ಕೆ ಸರಿಯಾದ ದಾರಿ ಇಡೀ ಸೈಲೋವನ್ನೇ ತೂಗುವುದು. ನಾಲ್ಕು ಕಾಲುಗಳ ಕೆಳಗೆ ಭಾರ ಅಳೆಯುವ ಲೋಡ್‌ಸೆಲ್ ಇಟ್ಟರೆ ಭಾರ ಗೋಡೆಯ ಮೇಲೆ ಕೂತರೂ ತಳದ ಮೇಲೆ ಕೂತರೂ ಕಡೆಗೆ ಕಾಲಿಗೇ ಬರಬೇಕು. ರಾಶಿಯೋ ಗುಂಡಿಯೋ, ಗಾಳಿ ತುಂಬಿದೆಯೋ ಕೂತಿದೆಯೋ, ಯಾವುದನ್ನೂ ಅದು ಕೇಳುವುದಿಲ್ಲ. ಬಿರುಗಾಳಿ ಬೀಸಿದಾಗ ಅಂಕಿ ಸ್ವಲ್ಪ ಅಲುಗಾಡುತ್ತದೆ, ಪೈಪು ಏಣಿಗಳು ಪಕ್ಕದ ಕಟ್ಟಡಕ್ಕೆ ಬಿಗಿದಿದ್ದರೆ ಸುಳ್ಳು ಹೇಳುತ್ತದೆ. ತೊಂದರೆ ಎಂದರೆ ಇದನ್ನು ಸೈಲೋ ನಿಲ್ಲಿಸುವಾಗಲೇ ಕೂರಿಸಬೇಕು. ನಿಂತ ಸೈಲೋವನ್ನು ಎತ್ತಿ ಕಾಲ ಕೆಳಗೆ ಇಡುವ ಖರ್ಚು ಕೇಳಿದರೆ ಯಜಮಾನರು ಸುತ್ತಿಗೆಯೇ ಸಾಕು ಎನ್ನುತ್ತಾರೆ.

ಉಳಿದ ಉಪಕರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗೌಂಡಿಯ ಓಳಂಬದ ಹಾಗೆ ಟೇಪಿಗೆ ಭಾರ ಕಟ್ಟಿ ಇಳಿಬಿಡುವುದು ಹಳೆಯದು, ಅಗ್ಗದ್ದು. ಟೇಪು ಸಡಿಲಾದ ಕಡೆ ಮಟ್ಟ. ಗಾಳಿ ತುಂಬಿದ ಪುಡಿಯಲ್ಲಿ ಭಾರ ಮುಳುಗುತ್ತದೆ, ಆಗ ಅಳೆಯಬಾರದು. ಶಬ್ದದ ಅಲೆ ಬಿಟ್ಟು ಮರುದನಿ ಬರುವ ಹೊತ್ತು ನೋಡುವ ಅಲ್ಟ್ರಾಸಾನಿಕ್ ಮೀಟರು ನೀರಿಗೆ ಸೊಗಸು. ಸಿಮೆಂಟಿನ ದೂಳಿನಲ್ಲಿ ದನಿ ಕಳೆದುಹೋಗುತ್ತದೆ. ರೇಡಾರ್ ಅಲೆಗೆ ದೂಳಿನ ಕಾಟ ಕಡಿಮೆ, ಈಗ ಹೆಚ್ಚಾಗಿ ಅದನ್ನೇ ಹಾಕುತ್ತಾರೆ. ತಿರುಗುವ ಸಣ್ಣ ರೆಕ್ಕೆಯ ಸ್ವಿಚ್ಚು ಪುಡಿ ತಾಗಿ ನಿಂತರೆ ‘ತುಂಬಿತು’ ಎಂದು ದೀಪ ಹಚ್ಚುತ್ತದೆ, ಅದಕ್ಕಿಂತ ಹೆಚ್ಚು ಅದಕ್ಕೆ ಗೊತ್ತಿಲ್ಲ. ಆದರೆ ಸೈಲೋ ಉಕ್ಕದ ಹಾಗೆ ಕಾಯುವುದು ಅದೇ, ಆದ್ದರಿಂದ ಅದು ಕೆಟ್ಟರೆ ಅವತ್ತೇ ರಿಪೇರಿ ಮಾಡಿಸಿ. ಇವೆಲ್ಲ ಎತ್ತರ ಹೇಳುತ್ತವೆ. ಟನ್ನು ಹೇಳುವುದು ಅದರ ಹಿಂದಿನ ಲೆಕ್ಕ.

ಹಾರುಬೂದಿಯಲ್ಲಿ ಈ ಲೆಕ್ಕ ಇನ್ನೂ ಕಠಿಣ. ಕೃಷ್ಣಾ ನದಿಯ ದಂಡೆಯ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಉರಿಸುತ್ತಿದೆ, ಈಗ ಅದರ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಬೂದಿಯೇ ಇರುವುದು ಸಾಮಾನ್ಯ. ಹೊಗೆಯಿಂದ ಹಿಡಿದ ನಯವಾದ ಬೂದಿಯನ್ನು ಗಾಳಿಯಿಂದ ಸೈಲೋಗೆ ತಳ್ಳಿ, ಅಲ್ಲಿಂದ ಲಾರಿಗೆ ತುಂಬಿ ಸಿಮೆಂಟು ಕಾರ್ಖಾನೆಗಳಿಗೆ ಕಳಿಸುತ್ತಾರೆ. ಹಾರುಬೂದಿ ಸಿಮೆಂಟಿಗಿಂತ ಹಗುರ, ಗಾಳಿಯನ್ನು ಬಿಡುವುದಕ್ಕೆ ಇನ್ನೂ ಹಟ. ತೇವ ತಾಗಿದರೆ ಗೋಡೆಗೆ ಹತ್ತಿಕೊಂಡು ನಡುವೆ ಬಾವಿಯಂಥ ತೂತು ಬೀಳುತ್ತದೆ. ಮೀಟರು ಆ ತೂತಿನ ಮೇಲಿದ್ದರೆ ಸೈಲೋ ಖಾಲಿ ಎನ್ನುತ್ತದೆ, ಸುತ್ತಿಗೆ ತುಂಬಿದೆ ಎನ್ನುತ್ತದೆ. ಎರಡೂ ತಮ್ಮ ಮಟ್ಟಿಗೆ ಸುಳ್ಳಲ್ಲ. ಹೀಗೆ ಕಟ್ಟಿಕೊಂಡ ಪುಡಿಯನ್ನು ಕೆಡವಲು ಒಳಗೆ ಮನುಷ್ಯನನ್ನು ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಪುಡಿ ಕುಸಿದರೆ ಸೊಂಟದ ತನಕ ಹೂತವನನ್ನು ನಾಲ್ಕು ಜನ ಸೇರಿ ಎಳೆದರೂ ಎತ್ತಲಾಗುವುದಿಲ್ಲ. ಹಗೇವಿಗೆ ದೀಪ ಇಳಿಬಿಟ್ಟು ಕಾಯುತ್ತಿದ್ದವರ ತಾಳ್ಮೆ ಇಲ್ಲೂ ಇರಲಿ. ಹೊರಗಿನಿಂದ ಗಾಳಿ ಹಾಯಿಸಿ, ವೈಬ್ರೇಟರ್ ಹಚ್ಚಿ, ಉದ್ದನೆಯ ಗಳದಿಂದ ಮೇಲಿನ ಬಾಯಿಂದಲೇ ಬಿಡಿಸಿ.

ಹಾಗಾದರೆ ಲೋಡ್‌ಸೆಲ್ ಇಲ್ಲದ ಸಣ್ಣ ಪ್ಲಾಂಟಿನವರು ಏನು ಮಾಡಬೇಕು? ನನ್ನ ಅಭಿಪ್ರಾಯ ಕೇಳಿದರೆ, ಕಣದವರು ಮಾಡುತ್ತಿದ್ದದ್ದನ್ನೇ ಮಾಡಬೇಕು. ಒಳಗೆ ಹೋಗುವುದಕ್ಕೆ ಲಾರಿ ತೂಗಿದ ಕಾಟಾದ ಚೀಟಿ ಇದೆ. ಹೊರಗೆ ಬರುವ ಸಿಮೆಂಟು ಒಂದೊಂದು ಕಲಸಿಗೂ ಪ್ಲಾಂಟಿನ ತೂಕದ ತೊಟ್ಟಿಯಲ್ಲಿ ತೂಗಿಯೇ ಬೀಳುತ್ತದೆ, ಕಂಪ್ಯೂಟರು ಅದನ್ನು ಬರೆದಿಡುತ್ತದೆ. ಜಮಾದಲ್ಲಿ ಖರ್ಚು ಕಳೆದರೆ ದಾಸ್ತಾನು. ದಿನಾ ಬೆಳಿಗ್ಗೆ, ಪುಡಿ ರಾತ್ರಿಯೆಲ್ಲ ಕೂತ ಮೇಲೆ, ಮಟ್ಟವನ್ನೂ ಒಮ್ಮೆ ನೋಡಿ ಪಕ್ಕದ ಕಲಮಿನಲ್ಲಿ ಬರೆಯಿರಿ. ಬುಕ್ಕನ್ನು ಮಟ್ಟದಿಂದ ತಿದ್ದಬೇಡಿ. ಮಟ್ಟ ಸಾಕ್ಷಿ ಹೇಳಲಿ, ತೀರ್ಪು ಬುಕ್ಕಿನದಿರಲಿ. ಸಾಧ್ಯವಾದಾಗ, ಲಾರಿ ಬರುವ ಮೊದಲು, ಸೈಲೋವನ್ನು ಒಮ್ಮೆ ಪೂರ್ತಿ ಖಾಲಿ ಮಾಡಿ. ಸೊನ್ನೆ ಎಂಬ ಅಂಕಿಯೊಂದೇ ಯಾವ ಕೋನ, ಯಾವ ಗಾಳಿಯ ತಂಟೆಯೂ ಇಲ್ಲದೆ ಕಣ್ಣಿಗೆ ಕಾಣುವುದು. ಅವತ್ತು ಬುಕ್ಕಿನಲ್ಲಿ ಎರಡು ಟನ್ ಉಳಿದಿದ್ದರೆ ಆ ಎರಡು ಟನ್ ಎಲ್ಲಿ ಹೋಯಿತೆಂದು ಹುಡುಕುವುದಕ್ಕೆ ಅರ್ಥ ಇದೆ.

ಹುಡುಕುವಾಗ ಮೊದಲೇ ಕಳ್ಳನನ್ನು ಹುಡುಕಬೇಡಿ. ತೂಕದ ತೊಟ್ಟಿಯ ಮೈಗೆ ಕಾಂಕ್ರೀಟು ಮೆತ್ತಿ ಅಂಕಿ ಸರಿದಿದೆಯೇ, 20 ಕಿಲೋ ಬಟ್ಟುಗಳನ್ನಿಟ್ಟು ಪರೀಕ್ಷಿಸಿ. ಸೈಲೋ ನೆತ್ತಿಯ ಫಿಲ್ಟರ್ ಬಟ್ಟೆ ಹರಿದಿದ್ದರೆ ಲಾರಿ ಖಾಲಿ ಮಾಡುವಾಗ ಮೇಲೆ ಬೂದು ಮೋಡ ಏಳುತ್ತದೆ. ಅದೂ ನಿಮ್ಮ ಸಿಮೆಂಟೇ. ಬಹಳ ಸಲ ತಪ್ಪುವುದು ಲಾರಿಯ ಹತ್ತಿರ. ತುಂಬಿದ ಬಲ್ಕರಿನ ತೂಕ ಮಾತ್ರ ನೋಡಿ, ಖಾಲಿ ತೂಕವನ್ನು ಹಳೆಯ ಚೀಟಿಯಿಂದ ಬರೆದುಕೊಳ್ಳುತ್ತಾರೆ. ಕಂಪ್ರೆಸರಿನ ಒತ್ತಡ ಬಿದ್ದಿದ್ದರೆ ಟ್ಯಾಂಕಿನ ತಳದಲ್ಲಿ ಐದಾರು ಚೀಲದಷ್ಟು ಪುಡಿ ಉಳಿದು ವಾಪಸ್ ಹೋಗಿರುತ್ತದೆ. ಡ್ರೈವರ್ ಎಷ್ಟೇ ಅವಸರ ಮಾಡಲಿ, “ಅಣ್ಣಾ, ಖಾಲಿ ಗಾಡೀನೂ ಒಮ್ಮಿ ಕಾಟಾ ಮಾಡ್ಸಿ ಹೋಗು” ಎನ್ನಿ, ಎರಡೂ ಚೀಟಿ ಒಂದೇ ಪಿನ್ನಿಗೆ ಚುಚ್ಚಿ ಫೈಲಿಗೆ ಹಾಕಿ.